ಗೀರು ಬಿದ್ದ ಗಾಜಿನ ತೊಟ್ಟಿ

ಒಂದು ಕಾಡಿನ ನಡುವೆ ಒಂದು ಹಳೆಯ ಬಂಗಲೆ ಇತ್ತು. ಜನ ಅದನ್ನು ಬಿಟ್ಟು ಹೋಗಿ ಎರಡು ವರ್ಷವಾಗಿತ್ತು. ಹೋಗುವಾಗ ಮಂಚ, ಕುರ್ಚಿ, ಗಡಿಯಾರ ಎಲ್ಲ ಒಯ್ದರು. ಮೀನು ಸಾಕಿದ್ದ ಗಾಜಿನ ತೊಟ್ಟಿಯನ್ನು ಮಾತ್ರ ಅಲ್ಲೇ ಬಿಟ್ಟರು. ಅದು ಭಾರವಾಗಿತ್ತು.

ಹಜಾರದ ಕಿಟಕಿಯ ಪಕ್ಕದಲ್ಲಿ ಗಿಡ್ಡ ಕಬ್ಬಿಣದ ಮೇಜು. ಅದರ ಮೇಲೆ ಆ ತೊಟ್ಟಿ. ತೊಟ್ಟಿಯ ಬೆನ್ನಿಗೆ ಸಮುದ್ರದ ಚಿತ್ರವಿದ್ದ ನೀಲಿ ಹಾಳೆ ಅಂಟಿಸಿದ್ದರು. ಮೇಲೆ ಕಬ್ಬಿಣದ ಜಾಲರಿಯ ಮುಚ್ಚಳ. ಮುಚ್ಚಳದ ಮೇಲೆ ಒಂದು ಗುಂಡುಕಲ್ಲು. ಆ ಕಲ್ಲನ್ನು ಆನೆ ಎತ್ತಬಹುದಿತ್ತು. ಆದರೆ ಆನೆ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ಹಾಗಾಗಿ ಎತ್ತಬಲ್ಲವನು ಒಬ್ಬನೇ ಉಳಿದ. ಅವನು ಕಂಬಳಿಯಪ್ಪ ಎಂಬ ಕರಡಿ.

ಕಂಬಳಿಯಪ್ಪ ದಿನವೂ ಹಳ್ಳದಿಂದ ನೀರು ತಂದು ತೊಟ್ಟಿಗೆ ಹಾಕುತ್ತಿದ್ದ. ತಾನು ತಿಂದು ಮಿಕ್ಕ ಗೆದ್ದಲನ್ನು ಮೀನಿಗೆ ಉದುರಿಸುತ್ತಿದ್ದ. ಆಮೇಲೆ ಗಾಜಿನ ಮುಂದೆ ಕಾಲು ಚಾಚಿ ಕೂರುತ್ತಿದ್ದ. ಮೀನು ಈಜುವುದನ್ನು ನೋಡುತ್ತಿದ್ದರೆ ಅವನಿಗೆ ಜೇನು ಕಚ್ಚಿದ ಉರಿ ಮರೆತುಹೋಗುತ್ತಿತ್ತು.

ತೊಟ್ಟಿಯಲ್ಲಿ ಉಳಿದಿದ್ದು ಒಂದೇ ಜೋಡಿ. ಪಟ್ಟೆ ಪಟ್ಟೆಯ ನೀಲವ್ವ, ಅವಳ ಗಂಡ. ಗಂಡ ಮಾತಾಡುತ್ತಿರಲಿಲ್ಲ. ಇಬ್ಬರ ಮಾತನ್ನೂ ನೀಲವ್ವ ಒಬ್ಬಳೇ ಆಡುತ್ತಿದ್ದಳು.

ಒಂದು ಬೆಳಿಗ್ಗೆ ಕಂಬಳಿಯಪ್ಪನ ಹಿಂದೆ ಒಂದು ಜೇನ್ನೊಣ ಹಜಾರಕ್ಕೆ ಬಂತು. ಅವನು ಅದಕ್ಕೆ ಬೀಸಿ ಹೊಡೆದ. ನೊಣ ತಪ್ಪಿಸಿಕೊಂಡಿತು. ಉಗುರು ಗಾಜಿಗೆ ತಗುಲಿತು. ಕರ್ ಎಂದು ಸದ್ದಾಯಿತು. ಗಾಜಿನ ಕೆಳಮೂಲೆಯಲ್ಲಿ ಗೇಣುದ್ದದ ಗೀರು ಬಿತ್ತು.

"ಏನದು ಸದ್ದು?" ನೀಲವ್ವ ಒಳಗಿನಿಂದ ಕೇಳಿದಳು.

"ಏನಿಲ್ಲ ಕಣವ್ವ. ನೊಣ."

"ನೊಣಕ್ಕೆ ಅಷ್ಟು ಸದ್ದೇ?"

"ದೊಡ್ಡ ನೊಣ," ಎಂದ ಕಂಬಳಿಯಪ್ಪ.

ಅವನು ಗೀರಿನ ಮೇಲೆ ಕೈಯಾಡಿಸಿದ. ಒದ್ದೆಯಿರಲಿಲ್ಲ. ಆದರೂ ಹೇಳಲು ಹೆದರಿದ. ಗಾಜಿಗೆ ಉಗುರು ತಗುಲಿಸಬೇಡ ಎಂದು ನೀಲವ್ವ ನೂರು ಸಲ ಹೇಳಿದ್ದಳು. ಅವನು ಒಂದು ತೇಗದ ಎಲೆ ತಂದು, ಎಂಜಲು ಹಚ್ಚಿ, ಗೀರಿನ ಮೇಲೆ ಅಂಟಿಸಿದ. ಯಾರಿಗೂ ಹೇಳಲಿಲ್ಲ.

ಆದರೆ ಒಬ್ಬ ನೋಡಿದ್ದ. ಬಂಗಲೆಯ ಅಟ್ಟದಲ್ಲಿ ಮೆತ್ತಯ್ಯ ಎಂಬ ಪುನುಗು ಬೆಕ್ಕು ಬಿಡಾರ ಹೂಡಿದ್ದ. ಉದ್ದ ಮೈ, ಅದಕ್ಕಿಂತ ಉದ್ದ ಬಾಲ, ಬೆಣ್ಣೆಯಂಥ ಮಾತು. ಎರಡು ವರ್ಷದಿಂದ ಮೆತ್ತಯ್ಯ ಜಾಲರಿಯ ಮೇಲೆ ಮೂಗಿಟ್ಟು ಮೀನಿನ ವಾಸನೆ ಕುಡಿದಿದ್ದ. ಕಲ್ಲು ಕದಲಿಸಲು ನೋಡಿದ್ದ. ಕಲ್ಲು ಕದಲಿರಲಿಲ್ಲ.

ನಾಲ್ಕು ದಿನ ಕಳೆಯಿತು. ಅಷ್ಟರಲ್ಲಿ ನೀಲವ್ವ ತೊಟ್ಟಿಯೊಳಗಿನ ಹೆಂಚಿನ ಚೂರಿನ ಮೇಲೆ ಮೊಟ್ಟೆಯಿಟ್ಟಳು. ಸಾಸಿವೆಯಷ್ಟು ಸಣ್ಣವು. ಇನ್ನು ಮೂರು ಹಗಲು ಕಳೆದರೆ ಮರಿಯಾಗುತ್ತವೆ ಎಂದಳು. ಗಂಡ ಹೆಂಡತಿ ಸರದಿಯ ಮೇಲೆ ರೆಕ್ಕೆ ಬೀಸಿ ಮೊಟ್ಟೆಗೆ ಹೊಸ ನೀರು ಆಡಿಸತೊಡಗಿದರು.

"ಕಂಬಳಿಯಣ್ಣ, ಈ ಮೂರು ದಿನ ತೊಟ್ಟಿ ಅಲುಗಿಸಬೇಡ. ಹೆಂಚು ಕದಲಿದರೆ ಮೊಟ್ಟೆ ಉದುರುತ್ತವೆ. ಗಾಳಿ ತಾಗಿದರೆ ಒಣಗುತ್ತವೆ," ಎಂದಳು ನೀಲವ್ವ.

"ನಾನ್ಯಾಕೆ ಅಲುಗಿಸಲಿ?" ಎಂದ ಕಂಬಳಿಯಪ್ಪ.

ಅಂದೇ ಮೆತ್ತಯ್ಯ ಅವನನ್ನು ಹಳ್ಳದ ದಾರಿಯಲ್ಲಿ ತಡೆದ.

"ಮಾವ, ತೇಗದ ಎಲೆಯ ಕೆಳಗೆ ಏನಿದೆ?"

ಕಂಬಳಿಯಪ್ಪನ ಕೈಯಿಂದ ಕೊಡ ಜಾರಿತು.

"ಹೆದರಬೇಡ ಮಾವ. ನಾನು ಯಾರಿಗೂ ಹೇಳುವವನಲ್ಲ. ಆದರೆ ಅದು ಗೀರಲ್ಲ, ಬಿರುಕು. ನಾನು ಮನೆಮನೆಯ ಅಟ್ಟದಲ್ಲಿ ಬೆಳೆದವನು. ಗಾಜು ಕಂಡವನು. ಬಿರುಕು ಮೊದಲು ಹನಿ ಬಿಡುತ್ತದೆ. ಆಮೇಲೆ ಒಮ್ಮೆಲೇ ಬಾಯಿ ಬಿಡುತ್ತದೆ. ಮೇಜಿನ ಕೆಳಗೆ ಒದ್ದೆ ಕಂಡರೆ ನನ್ನನ್ನು ಕರೆ."

ಕಂಬಳಿಯಪ್ಪ ಓಡಿ ಬಂದು ನೋಡಿದ. ಮೇಜಿನ ಕೆಳಗೆ ಒಣಗಿತ್ತು. ಮಧ್ಯಾಹ್ನ ಗೆದ್ದಲು ಹುಡುಕಿಕೊಂಡು ಹೋದ. ಸಂಜೆ ಬಂದು ಬಗ್ಗಿ ನೋಡಿದ. ಮೇಜಿನ ಕೆಳಗೆ ನೆಲ ಒದ್ದೆಯಾಗಿತ್ತು.

ಅವನು ಕೂಗುವ ಮೊದಲೇ ಮೆತ್ತಯ್ಯ ಅಟ್ಟದಿಂದ ಇಳಿದ.

"ಅಯ್ಯೋ ಮಾವ! ಶುರುವಾಯಿತಲ್ಲ!"

"ಈಗ ಏನು ಮಾಡಲಿ?"

"ಹಿತ್ತಲಲ್ಲಿ ತಾಮ್ರದ ಕೊಪ್ಪರಿಗೆ ಬಿದ್ದಿದೆ. ಕಿಟಕಿಯ ಕೆಳಗೇ ಇದೆ. ಅದಕ್ಕೆ ನೀರು ತುಂಬು. ಕಲ್ಲು ತೆಗೆ, ಮುಚ್ಚಳ ತೆಗೆ, ಮೀನನ್ನು ಅದಕ್ಕೆ ಬಿಡು. ನಾನು ಪಕ್ಕದಲ್ಲೇ ಕೂತು ಕಾಯುತ್ತೇನೆ."

"ನೀನೇ?"

"ಮತ್ತೆ ಯಾರಿದ್ದಾರೆ ಮಾವ ಇವರಿಗೆ?" ಎಂದು ಮೆತ್ತಯ್ಯ ಮೂಗು ಒರೆಸಿಕೊಂಡ.

ಬೇರೆ ದಿನವಾಗಿದ್ದರೆ ಕಂಬಳಿಯಪ್ಪ ನಕ್ಕುಬಿಡುತ್ತಿದ್ದ. ಬೆಕ್ಕು ಮೀನು ಕಾಯುವುದೆಂದರೇನು ಎಂದು ಅವನಿಗೂ ಗೊತ್ತಿತ್ತು. ಆದರೆ ಅವನ ತಲೆಯ ತುಂಬ ಆ ಗೀರು ಇತ್ತು. ತನ್ನ ಉಗುರಿನಿಂದ ಈ ಸಂಸಾರ ನೆಲಕ್ಕೆ ಬೀಳುತ್ತದೆ ಎಂಬುದೊಂದೇ ಕಾಣುತ್ತಿತ್ತು. ಅವನು ಆರು ಕೊಡ ನೀರು ತಂದು ಕೊಪ್ಪರಿಗೆ ತುಂಬಿದ. ಬಂದು ಗುಂಡುಕಲ್ಲು ಎತ್ತಿ ಕೆಳಗಿಟ್ಟ.

"ಏನು ಮಾಡುತ್ತಿದ್ದೀಯಣ್ಣ?" ನೀಲವ್ವ ಗಾಜಿಗೆ ಬಂದು ನಿಂತಳು.

"ತೊಟ್ಟಿ ಸೋರುತ್ತಿದೆ ಕಣವ್ವ. ನಿಮ್ಮನ್ನು ಕೊಪ್ಪರಿಗೆಗೆ ಸಾಗಿಸಬೇಕು."

"ಮೊಟ್ಟೆ?"

ಕಂಬಳಿಯಪ್ಪ ಹೆಂಚಿನ ಚೂರಿನತ್ತ ನೋಡಿದ.

"ಮೊಟ್ಟೆ ಬಿಟ್ಟು ನಾನು ಬರುವುದಿಲ್ಲ. ಇವರೂ ಬರುವುದಿಲ್ಲ," ಎಂದಳು ನೀಲವ್ವ. ಗಂಡ ಹೆಂಚಿನ ಮುಂದೆ ಅಡ್ಡ ನಿಂತ.

"ಮೊಟ್ಟೆ ಇನ್ನೊಮ್ಮೆ ಇಡಬಹುದು ತಾಯಿ. ಜೀವ ಇನ್ನೊಮ್ಮೆ ಬರುತ್ತದೆಯೇ?" ಎಂದ ಮೆತ್ತಯ್ಯ.

"ನಿನ್ನ ಬಾಯಿಂದ ತಾಯಿ ಅನ್ನಿಸಿಕೊಳ್ಳುವಷ್ಟು ನಾನು ಪಾಪ ಮಾಡಿಲ್ಲ. ಆಚೆ ಹೋಗು," ಎಂದಳು ನೀಲವ್ವ.

ಆಗ ಮೆಟ್ಟಿಲ ಕೆಳಗಿನ ಬಿಲದಿಂದ ಸೂಜಜ್ಜಿ ಹೊರಬಂದಳು. ಅವಳು ಮುದಿ ಮುಳ್ಳುಹಂದಿ. ನಿದ್ದೆ ಕೆಟ್ಟಿದ್ದರಿಂದ ಸಿಟ್ಟಿನಲ್ಲಿದ್ದಳು. ನಿದ್ದೆ ಕೆಡದಿದ್ದರೂ ಸಿಟ್ಟಿನಲ್ಲೇ ಇರುತ್ತಿದ್ದಳು.

"ಏನು ಗಲಾಟೆ?"

"ತೊಟ್ಟಿ ಸೋರುತ್ತಿದೆ ಅಜ್ಜಿ," ಎಂದ ಕಂಬಳಿಯಪ್ಪ.

"ಯಾರು ಹೇಳಿದರು?"

"ನೆಲ ಒದ್ದೆಯಾಗಿದೆ."

"ನೆಲ ಒದ್ದೆಯಾದರೆ ನೆಲ ಒದ್ದೆ. ತೊಟ್ಟಿ ಸೋರಿದರೆ ತೊಟ್ಟಿ ಸೋರಿದೆ. ಎರಡೂ ಒಂದೇ ಏನು?"

ಕಂಬಳಿಯಪ್ಪನಿಗೆ ಅರ್ಥವಾಗಲಿಲ್ಲ. ಸೂಜಜ್ಜಿ ವಿವರಿಸುವವಳಲ್ಲ. ಅಡುಗೆಮನೆಯತ್ತ ಮೂತಿ ತೋರಿಸಿದಳು.

"ಹಳೇ ಒಲೆಯಲ್ಲಿ ಬೂದಿ ಇದೆ. ತಾ. ಮೊದಲು ನೆಲ ಒರೆಸು. ಗಾಜು ಒರೆಸು. ಒಣಗಿದ ಮೇಲೆ ಮೇಜಿನ ಕೆಳಗೆಲ್ಲ ಬೂದಿ ಹರಡು. ಒಂದು ಹನಿ ಬಿದ್ದರೂ ಬೂದಿ ಕರ್ರಗಾಗುತ್ತದೆ. ಕಾಣುತ್ತದೆ."

ಕಂಬಳಿಯಪ್ಪ ಗಾಜು ಒರೆಸುವಾಗ ತೇಗದ ಎಲೆಯನ್ನು ಬಿಟ್ಟು ಸುತ್ತಲೂ ಒರೆಸಿದ. ಸೂಜಜ್ಜಿ ನೋಡಿದಳು. ಅವನು ಬೂದಿ ಹರಡಿದ. ಸೂಜಜ್ಜಿ ತನ್ನದೇ ಒಂದು ಮುಳ್ಳನ್ನು ಕೆಮ್ಮಣ್ಣಿನಲ್ಲಿ ಅದ್ದಿ, ಒಳಗಿನ ನೀರು ಎಲ್ಲಿಯವರೆಗೆ ಇತ್ತೋ ಅಲ್ಲಿಗೆ ಸರಿಯಾಗಿ ಗಾಜಿನ ಹೊರಗೆ ಒಂದು ಗೆರೆ ಎಳೆದಳು.

"ನೀರು ಹೋದರೆ ಇದಕ್ಕಿಂತ ಕೆಳಗಿಳಿಯಬೇಕು. ಕಲ್ಲು ಮೇಲಿಡು. ಕಾಯಿ."

"ಎಷ್ಟು ಹೊತ್ತು?"

"ಗೊತ್ತಾಗುವಷ್ಟು ಹೊತ್ತು," ಎಂದು ಸೂಜಜ್ಜಿ ಬಿಲಕ್ಕೆ ಹೋದಳು.

ರಾತ್ರಿಯೆಲ್ಲ ಕಂಬಳಿಯಪ್ಪ ತೊಟ್ಟಿಯ ಮುಂದೆಯೇ ಮಲಗಿದ. ಬೆಳಿಗ್ಗೆ ಎದ್ದು ನೋಡಿದ. ಬೂದಿ ಒಣಗಿತ್ತು. ನೀರು ಗೆರೆಯ ಮೇಲೇ ಇತ್ತು. ಅವನಿಗೆ ಜೀವ ಬಂದಂತಾಯಿತು. ನಿಶ್ಚಿಂತೆಯಿಂದ ಹಳ್ಳಕ್ಕೆ ಹೋದ. ಮುಖ ತೊಳೆದ. ಎರಡು ಹುತ್ತ ಕೆದರಿದ. ಹೊತ್ತೇರುವಷ್ಟರಲ್ಲಿ ಮರಳಿದ.

ಮೇಜಿನ ಕೆಳಗೆ ಬೂದಿ ಕರ್ರಗಾಗಿತ್ತು. ಒಂದಲ್ಲ ಎರಡಲ್ಲ, ಹತ್ತಾರು ಹನಿ.

"ನಾನು ಹೇಳಿದ್ದೆ," ಎಂದ ಬಾಗಿಲಲ್ಲಿ ನಿಂತಿದ್ದ ಮೆತ್ತಯ್ಯ.

ಕಂಬಳಿಯಪ್ಪ ಕೆಂಪು ಗೆರೆ ನೋಡಿದ. "ಆದರೆ ನೀರು ಇಳಿದಿಲ್ಲವಲ್ಲೋ!"

"ಇಷ್ಟು ದೊಡ್ಡ ತೊಟ್ಟಿಯಲ್ಲಿ ಹತ್ತು ಹನಿ ಹೋದರೆ ಕಣ್ಣಿಗೆ ಕಾಣುತ್ತದೆಯೇ ಮಾವ? ಗೆರೆ ಇಳಿಯಲಿ ಎಂದು ಕಾಯುತ್ತಾ ಕೂರು. ಗಾಜು ಬಾಯಿ ಬಿಟ್ಟಾಗ ಮೊಟ್ಟೆ ಬೂದಿಯಲ್ಲಿರುತ್ತವೆ, ಇವರಿಬ್ಬರೂ ಬೂದಿಯಲ್ಲಿ ಹೊರಳುತ್ತಿರುತ್ತಾರೆ. ಆಗ ಕಾಡೆಲ್ಲ ಕೇಳುತ್ತದೆ, ಗಾಜು ಒಡೆದವರು ಯಾರು ಅಂತ." ಮೆತ್ತಯ್ಯ ದನಿ ತಗ್ಗಿಸಿದ. "ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ ಮಾವ. ಕೇಳಿದರೆ ಹೇಳಬೇಕಾಗುತ್ತದೆ. ನಾನು ಕೊಪ್ಪರಿಗೆಯ ಹತ್ತಿರ ಇರುತ್ತೇನೆ. ಬೇಗ ತಾ."

ಅವನು ಕಿಟಕಿಯಿಂದ ಹಾರಿ ಹಿತ್ತಲಿಗೆ ಹೋದ.

ಕಂಬಳಿಯಪ್ಪ ಕಲ್ಲು ಇಳಿಸಿದ. ಮುಚ್ಚಳ ತೆಗೆದ. ಹೆಂಚಿನ ಚೂರಿಗೆಂದು ಕೈಯನ್ನು ನೀರಿಗಿಟ್ಟ. ಯಾವತ್ತೂ ಮಾತಾಡದ ಗಂಡು ಮೀನು ಬಂದು ಅವನ ಬೆರಳು ಕಚ್ಚಿತು.

"ಹಾಯ್!"

"ಸರಿಯಾಗಿ ಕಚ್ಚಿ!" ಎಂದಳು ನೀಲವ್ವ. "ಕಂಬಳಿಯಣ್ಣ, ಎರಡು ವರ್ಷ ನಿನ್ನ ಕೈಯಿಂದ ತಿಂದಿದ್ದೇವೆ. ಇವತ್ತು ನಿನ್ನ ಕೈ ನೋಡಿದರೆ ಹೆದರಿಕೆಯಾಗುತ್ತಿದೆ. ಎರಡೇ ದಿನ ಉಳಿದಿದೆಯಲ್ಲೋ. ನಿನಗೇನಾಗಿದೆ?"

ಕಂಬಳಿಯಪ್ಪ ಕೈ ತೆಗೆದ. ತಿರುಗಿ ನೋಡಿದರೆ ಸೂಜಜ್ಜಿ ಹಿಂದೆ ನಿಂತಿದ್ದಳು. ಅವಳು ಬೂದಿ ನೋಡಿದಳು. ಗೆರೆ ನೋಡಿದಳು. ಆಮೇಲೆ ತೇಗದ ಎಲೆ ನೋಡಿದಳು.

"ಅದು ಏನು?" ಎಂದು ಹಿತ್ತಲಿಗೆ ಕೇಳಿಸದಂತೆ ದನಿ ತಗ್ಗಿಸಿ ಕೇಳಿದಳು.

"ಎಲೆ."

"ಎಲೆ ಅಂತ ನನಗೂ ಗೊತ್ತು. ತೆಗೆ."

ಕಂಬಳಿಯಪ್ಪ ನಿಂತೇ ಇದ್ದ. ತೆಗೆದರೆ ನೀಲವ್ವನಿಗೆ ಗೊತ್ತಾಗುತ್ತದೆ. ತೆಗೆಯದಿದ್ದರೆ ಸೋರುವುದು ನಿಜವೋ ಎಂದು ತಿಳಿಯದೆಯೇ ಮೊಟ್ಟೆ ಕೀಳಬೇಕಾಗುತ್ತದೆ. ಕೊನೆಗೆ ಎಲೆ ಕಿತ್ತ. ಗೀರು ಕಾಣಿಸಿತು.

"ನನ್ನ ಉಗುರು," ಎಂದು ಅವನೂ ಮೆಲ್ಲಗೆ ಹೇಳಿದ. "ಅವತ್ತು ನೊಣಕ್ಕೆ ಹೊಡೆದಾಗ. ಮುಚ್ಚಿಟ್ಟೆ."

ನೀಲವ್ವ ಗೀರಿನ ಹತ್ತಿರ ಬಂದು ಒಳಗಿನಿಂದ ನೋಡಿದಳು.

"ದೊಡ್ಡ ನೊಣ ಅಂದೆಯಲ್ಲ!"

"ಹೂಂ."

"ಉಗುರು ತಗುಲಿಸಬೇಡ ಅಂತ ಎಷ್ಟು ಸಲ ಹೇಳಿದ್ದೆ?"

"ನೂರು ಸಲ."

"ಇನ್ನೂ ಜಾಸ್ತಿ," ಎಂದಳು ನೀಲವ್ವ. ಆದರೆ ಅವಳ ದನಿ ಅಷ್ಟೇನೂ ಗಟ್ಟಿಯಿರಲಿಲ್ಲ. ಅವನು ಕಣ್ಣು ಒರೆಸಿಕೊಳ್ಳುತ್ತಿದ್ದುದು ಅವಳಿಗೆ ಕಂಡಿತ್ತು.

ಸೂಜಜ್ಜಿ ಗೀರಿನ ಮೇಲೆ ಮುಳ್ಳು ಆಡಿಸಿದಳು. ಮುಳ್ಳು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಒಳಮೈ ನುಣುಪಾಗಿದೆಯೇ ಎಂದು ನೀಲವ್ವನನ್ನು ಕೇಳಿದಳು. ನೀಲವ್ವ ಮೂತಿ ತಿಕ್ಕಿ ನೋಡಿ, ನುಣುಪಾಗಿದೆ ಎಂದಳು.

"ಯಾವತ್ತು ಬಿದ್ದ ಗೀರು?"

"ಇವತ್ತಿಗೆ ಐದು ದಿನ."

"ಮೊದಲ ನಾಲ್ಕು ದಿನ ಸೋರಿತೇ?"

"ಇಲ್ಲ."

"ನಿನ್ನೆ ಸೋರಿತು. ಯಾವಾಗ?"

"ನಾನು ಗೆದ್ದಲಿಗೆ ಹೋದಾಗ."

"ರಾತ್ರಿ?"

"ಸೋರಲಿಲ್ಲ. ನಾನು ಇಲ್ಲೇ ಮಲಗಿದ್ದೆ."

"ಇವತ್ತು?"

"ನಾನು ಹಳ್ಳಕ್ಕೆ ಹೋದಾಗ..." ಕಂಬಳಿಯಪ್ಪ ಮಾತು ನಿಲ್ಲಿಸಿದ.

"ನೀನು ಮನೆಯಲ್ಲಿದ್ದೀಯೋ ಇಲ್ಲವೋ ಅಂತ ಗಾಜಿಗೆ ಹೇಗೆ ಗೊತ್ತು?" ಎಂದಳು ಸೂಜಜ್ಜಿ.

ಕಂಬಳಿಯಪ್ಪ ಕಿಟಕಿಯತ್ತ ನೋಡಿದ. ಕಿಟಕಿಯ ಕಟ್ಟೆ ಮೇಜಿನ ಬೆನ್ನ ಹಿಂದೆಯೇ ಇತ್ತು. ನಡುವೆ ಒಂದು ಗೇಣು ಸಂದು. ತೊಟ್ಟಿಯ ಹಿಂದೆ ನೀಲಿ ಹಾಳೆ ಇದ್ದುದರಿಂದ ಅಲ್ಲಿ ಯಾರು ಕೂತರೂ ಮೀನಿಗೆ ಕಾಣುತ್ತಿರಲಿಲ್ಲ. ಅಲ್ಲಿ ಕೂತು ನೀರು ಸಿಡಿಸಿದರೆ ಬೂದಿಯ ಮೇಲೆ ಹೆಜ್ಜೆಯೂ ಬೀಳುತ್ತಿರಲಿಲ್ಲ.

"ಆ ಮೆತ್ತಯ್ಯನನ್ನು ಈಗಲೇ ಹಿಡಿದು..." ಎಂದು ಕಂಬಳಿಯಪ್ಪ ಎದ್ದ.

"ಕೂರು. ಊಹೆಯಿಂದ ಯಾರನ್ನೂ ಹೊಡೆಯಬಾರದು. ಇನ್ನೊಂದು ಸಲ ನೋಡೋಣ. ನಾಳೆ ಬೆಳಿಗ್ಗೆ ಸಾಗಿಸುತ್ತೇನೆ ಅಂತ ಅವನಿಗೆ ಹೇಳು. ಹೊಸ ಬೂದಿ ಹಾಕು. ಕಲ್ಲು ಮೇಲಿಡು."

ಕಂಬಳಿಯಪ್ಪ ಹಾಗೇ ಮಾಡಿದ. ಮೆತ್ತಯ್ಯನಿಗೆ ಹೇಳಿದ.

"ನಾಳೆಯೇ? ಯಾಕೆ ಮಾವ, ಇವತ್ತು ಏನಾಯಿತು?"

"ಬೆರಳು ನೋಯುತ್ತಿದೆ," ಎಂದ ಕಂಬಳಿಯಪ್ಪ. ಅದು ಸುಳ್ಳಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಬೂದಿ ಒಣಗಿತ್ತು. ಸೂಜಜ್ಜಿ ಮೇಜಿನ ಕೆಳಗೆ ನುಸುಳಿ, ಹಿಂಭಾಗದ ಗೋಡೆಗೆ ಒತ್ತಿ, ಬೂದಿಯ ಮೇಲೆ ಕೂತಳು. ಬೂದಿಯ ಬಣ್ಣಕ್ಕೂ ಅವಳ ಬಣ್ಣಕ್ಕೂ ದೊಡ್ಡ ವ್ಯತ್ಯಾಸವಿರಲಿಲ್ಲ. ಕಂಬಳಿಯಪ್ಪ ಕೊಡ ಎತ್ತಿಕೊಂಡು, "ಹಳ್ಳಕ್ಕೆ ಹೋಗಿಬರುತ್ತೇನೆ," ಎಂದು ಗಟ್ಟಿಯಾಗಿ ಕೂಗಿದ. ಮೆಟ್ಟಿಲು ಇಳಿದ. ಮೆಲ್ಲಗೆ ಮರಳಿ ಬಂದು ಬಾಗಿಲ ಹಿಂದೆ ನಿಂತ. ಉಸಿರು ಬಿಗಿಹಿಡಿದ.

ಸ್ವಲ್ಪ ಹೊತ್ತಾಯಿತು. ಹಿತ್ತಲಲ್ಲಿ ನೀರಿನ ಸದ್ದಾಯಿತು. ಯಾರೋ ಕೊಪ್ಪರಿಗೆಯಲ್ಲಿ ಏನನ್ನೋ ಅದ್ದುತ್ತಿದ್ದರು. ಆಮೇಲೆ ಕಿಟಕಿಯ ಕಟ್ಟೆಯ ಮೇಲೆ ಮೆತ್ತಯ್ಯ ಕಾಣಿಸಿಕೊಂಡ. ಅವನ ಬಾಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಅತ್ತ ಇತ್ತ ನೋಡಿದ. ಹಿಮ್ಮುಖವಾಗಿ ತಿರುಗಿದ. ಬಾಲವನ್ನು ಸಂದಿನೊಳಗೆ ಇಳಿಬಿಟ್ಟ. ಹನಿಗಳು ಮೇಜಿನ ಕೆಳಗೆ ದೂರದವರೆಗೂ ಸಿಡಿಯಲಿ ಎಂದು ಬಾಲವನ್ನು ಜೋರಾಗಿ ಒದರಿದ.

ಬಾಲ ಹೋಗಿ ಸೂಜಜ್ಜಿಯ ಬೆನ್ನಿಗೆ ಬಡಿಯಿತು.

ಮುಳ್ಳುಹಂದಿ ಮುಳ್ಳು ಎಸೆಯುವುದಿಲ್ಲ. ಎಸೆಯಬೇಕಾಗಿಯೂ ಇಲ್ಲ. ಬಡಿದವನೇ ತೆಗೆದುಕೊಂಡು ಹೋಗುತ್ತಾನೆ.

"ಅಯ್ಯಯ್ಯೋ!" ಎಂದು ಮೆತ್ತಯ್ಯ ಮೇಲಕ್ಕೆ ಹಾರಿದ. ತಲೆ ಚೌಕಟ್ಟಿಗೆ ಬಡಿಯಿತು. ಅಲ್ಲಿಂದ ಹೊರಕ್ಕೆ ಉರುಳಿ, ತಾನೇ ತುಂಬಿಸಿದ್ದ ಕೊಪ್ಪರಿಗೆಗೆ ಬೆನ್ನಡಿಯಾಗಿ ಬಿದ್ದ.

ಕಂಬಳಿಯಪ್ಪ ಕಿಟಕಿಗೆ ಬಂದು ಕೆಳಗೆ ನೋಡಿದ. ಮೆತ್ತಯ್ಯ ನೀರಿನಲ್ಲಿ ಕೂತಿದ್ದ. ಬಾಲದಲ್ಲಿ ನಾಲ್ಕು ಮುಳ್ಳು ನೆಟ್ಟಗೆ ನಿಂತಿದ್ದವು.

"ಏನು ಮೆತ್ತಯ್ಯ, ಕೊಪ್ಪರಿಗೆ ಸೋರುತ್ತದೆಯೋ ಇಲ್ಲವೋ ನೋಡುತ್ತಿದ್ದೀಯಾ?"

"ಮಾವ, ನಾನು... ಬಾಯಾರಿಕೆಯಾಗಿತ್ತು ಮಾವ."

"ಬಾಲಕ್ಕೋ?"

ಮೆತ್ತಯ್ಯ ಕೊನೆಯ ಪಟ್ಟು ಹಾಕಿದ. "ನೋಡು, ನನ್ನ ಮೇಲೆ ಕೈ ಮಾಡಿದರೆ ಗಾಜು ಗೀರಿದ್ದು ಯಾರು ಅಂತ ನೀಲವ್ವನಿಗೆ ಹೇಳಿಬಿಡುತ್ತೇನೆ."

"ಹೇಳು," ಎಂದ ಕಂಬಳಿಯಪ್ಪ. "ನೀಲವ್ವ, ಇವನು ಏನೋ ಹೇಳುತ್ತಾನಂತೆ."

"ನನಗೆ ನಿನ್ನೆಯೇ ಗೊತ್ತು. ಬೇರೆ ಏನಾದರೂ ಸುದ್ದಿ ಇದ್ದರೆ ಹೇಳು ಅನ್ನು," ಎಂದು ಒಳಗಿನಿಂದ ನೀಲವ್ವ ಕೂಗಿದಳು.

ಮೆತ್ತಯ್ಯನ ಕಿವಿ ಬಾಗಿದವು. ಅವನು ಕೊಪ್ಪರಿಗೆಯಿಂದ ತೆವಳಿ ಇಳಿದ. ಬಾಲ ನೆಲಕ್ಕೆ ತಾಗಿದರೆ ಉರಿ, ಎತ್ತಿದರೆ ಇನ್ನೂ ಉರಿ. ಅಷ್ಟರಲ್ಲಿ ಸೂಜಜ್ಜಿ ಮೈಯ ಬೂದಿ ಕೊಡವಿಕೊಳ್ಳುತ್ತಾ ಹಿತ್ತಲಿಗೆ ಬಂದಳು.

"ಅಜ್ಜಿ, ನಿಮ್ಮ ಮುಳ್ಳು. ನೀವೇ ತೆಗೆಯಬೇಕು. ತುಂಬ ನೋವು. ಏನು ಮಾಡಲಿ?"

ಸೂಜಜ್ಜಿ ಅವನನ್ನೂ ಬಾಲವನ್ನೂ ಒಮ್ಮೆ ನೋಡಿದಳು.

"ಒರೆಸು. ಬೂದಿ ಹಾಕು. ಕಾಯಿ," ಎಂದಳು. ಬಿಲಕ್ಕೆ ಹೋಗಿ ಮಲಗಿದಳು.

ಮೆತ್ತಯ್ಯ ಅಂದೇ ಅಟ್ಟ ಖಾಲಿ ಮಾಡಿದ. ನಾಲ್ಕು ಮುಳ್ಳಿನ ಬಾಲ ಎತ್ತಿಕೊಂಡು ಗುಡ್ಡದಾಚೆ ಹೋದ. ದಾರಿಯಲ್ಲಿ ಕಂಡವರೆಲ್ಲ ಏನಾಯಿತು ಎಂದು ಕೇಳಿದರು. ಜಾರಿ ಬಿದ್ದೆ ಎಂದ. ಯಾರೂ ನಂಬಲಿಲ್ಲ.

ಮರುದಿನ ಸಂಜೆ ಹೆಂಚಿನ ಚೂರು ಅಲುಗಾಡಿದಂತೆ ಕಂಡಿತು. ಕಂಬಳಿಯಪ್ಪ ಗಾಜಿಗೆ ಮುಖವಿಟ್ಟು ನೋಡಿದ. ಅಲುಗುತ್ತಿದ್ದುದು ಹೆಂಚಲ್ಲ. ಅದರ ಮೇಲೆ ಕೂದಲೆಳೆಯಷ್ಟು ಸಣ್ಣ ಬಾಲಗಳು ಮಿಡಿಯುತ್ತಿದ್ದವು.

"ಎಷ್ಟಿವೆ?" ಎಂದು ಕೇಳಿದ.

"ನೀನು ಉಸಿರು ಬಿಟ್ಟು ಗಾಜು ಮಂಜು ಮಾಡಿದ್ದೀಯ. ಹಿಂದೆ ಸರಿ, ಆಮೇಲೆ ನೋಡು," ಎಂದಳು ನೀಲವ್ವ.

ಅವನು ಹಿಂದೆ ಸರಿದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ತೊಟ್ಟಿ ಸೋರಲಿಲ್ಲ. ಆದರೆ ಗೀರು ಹೋಗಲಿಲ್ಲ. ಅದಕ್ಕೆ ಅವನು ಮತ್ತೆ ಎಲೆ ಅಂಟಿಸಲೂ ಇಲ್ಲ. ದಿನವೂ ಬೆಳಿಗ್ಗೆ ಗೀರಿನ ಮೇಲೆ ಕೈಯಾಡಿಸುತ್ತಿದ್ದ. ಮೇಜಿನ ಕೆಳಗಿನ ಬೂದಿ ನೋಡುತ್ತಿದ್ದ. ಕೆಮ್ಮಣ್ಣಿನ ಗೆರೆ ನೋಡುತ್ತಿದ್ದ. ಮೂರೂ ಸರಿಯಿದ್ದರೆ ಮಾತ್ರ ಹಳ್ಳಕ್ಕೆ ಹೋಗುತ್ತಿದ್ದ. ಜೇನ್ನೊಣ ಬಂದರೆ ಹೊರಗೆ ಕರೆದುಕೊಂಡು ಹೋಗಿ ಹೊಡೆಯುತ್ತಿದ್ದ.

ನೀತಿ: ತಪ್ಪನ್ನು ಮುಚ್ಚಿಟ್ಟವನನ್ನು ಯಾರು ಬೇಕಾದರೂ ಹೆದರಿಸಬಹುದು. ಆದ ತಪ್ಪನ್ನು ಒಪ್ಪಿಕೋ. ಹೆದರಿಸುವವರ ಮಾತು ನಂಬಿ ಕೆಲಸಕ್ಕೆ ಕೈ ಹಾಕುವ ಮೊದಲು ನೀನೇ ಪರೀಕ್ಷಿಸಿ ನೋಡು.